ತೊಂಬತ್ತು ದೀಪಗಳು

ಹೀಟರು ಕೆಟ್ಟಿದೆ, ಬನ್ನಿ ಎಂದು ಭಂತೆ ಫೋನು ಮಾಡಿದರು.
ಬರ್ನ್ಲಿಯಲ್ಲಿ ಆ ವಾರ ಆಕಾಶ
ಒಗೆದು, ಹಿಂಡದೆ ಹರವಿದ ಕಂಬಳಿ.
ಹೆಂಡತಿಯ ನರ್ಸು ವೀಸಾದ ಬೆನ್ನು ಹತ್ತಿ ಬಂದವನು ನಾನು,
ವೈರಿನ ಸುರುಳಿ ಹೆಗಲಿಗೇರಿಸಿ ಹೊರಟೆ.

ಬಾಗಿಲ ನೆತ್ತಿಯ ಮೇಲೆ ಕಲ್ಲಲ್ಲಿ ಕೊರೆದಿದೆ:
ಮೆಥಡಿಸ್ಟರ ಭಾನುವಾರದ ಶಾಲೆ, ೧೮೭೧.
ಅದರ ಕೆಳಗೆ ಹಲಗೆಯಲ್ಲಿ ಸಿಂಹಳದ ದುಂಡು ಲಿಪಿ,
ದೂರದಿಂದ ಕನ್ನಡವೇ ಅನ್ನಿಸಿ
ಹತ್ತಿರ ಹೋದರೆ ಕೈಕೊಡುವ ಲಿಪಿ.
ಪ್ರಾರ್ಥನೆ ಪುಸ್ತಕಕ್ಕೆಂದು ಮಾಡಿದ ಮರದ ಖಾನೆಗಳಲ್ಲಿ
ಈಗ ಒಂದೊಂದು ಜೊತೆ ಒದ್ದೆ ಬೂಟು.

ಒಳಗೆ ಬುದ್ಧ.
ಬಲಗಿವಿಯ ಹತ್ತಿರ ಚಿನ್ನದ ಬಣ್ಣ ಚಕ್ಕೆ ಎದ್ದಿದೆ,
ಹಡಗಿನಲ್ಲಿ ತಾಗಿದ್ದಂತೆ.
ಬೆನ್ನ ಹಿಂದೆ ಹಳದಿ ಪರದೆ.
ಸರಿಸಿದೆ:
ಗಾಜಿನ ಚೌಕಗಳಲ್ಲಿ ಒಂದರಿಂದ ತೊಂಬತ್ತು,
ಹತ್ತತ್ತರಂತೆ ಒಂಬತ್ತು ಸಾಲು.

ಬಿಂಗೋ, ಎಂದಳು ಎಡ್ನಾ ಶಟಲ್‌ವರ್ತ್,
ಎಂಬತ್ತಮೂರು ವಯಸ್ಸು, ಕೈಯಲ್ಲಿ ಕೀಲಿಗೊಂಚಲು.
ಇಪ್ಪತ್ತೆರಡು ವರ್ಷ ಇಲ್ಲೇ ನಿಂತು ನಂಬರು ಕೂಗಿದೆ.
ಅದಕ್ಕೂ ಮುಂಚೆ ನನ್ನಪ್ಪ ಇಲ್ಲೇ ನಿಂತು ಹಾಡಿದ.
ಮಗ್ಗದ ಸದ್ದಿಗೆ ಕಿವಿ ಹೋಗಿತ್ತು,
ಶ್ರುತಿ ಮಾತ್ರ ತಪ್ಪುತ್ತಿರಲಿಲ್ಲ.
ಕೊನೆಗೆ ಕಾರ್ಪೆಟ್ಟಿನ ಗೋದಾಮಾಯಿತು.
ಅದರ ಬಗ್ಗೆ ಹೇಳುವಂಥದ್ದೇನಿಲ್ಲ.

ಅಂಕಿಗೊಂದು ಅಡ್ಡಹೆಸರಿತ್ತು ಅವಳಲ್ಲಿ.
ಎಂಬತ್ತೆಂಟು: ಇಬ್ಬರು ದಪ್ಪ ಹೆಂಗಸರು.
ಎಂಟು: ತೋಟದ ಗೇಟು.
ಯಾಕೆ ಎಂದೆ. ಪ್ರಾಸ, ಮತ್ತೇನು, ಎಂದಳು.
ನಮ್ಮಲ್ಲಿ ಎಂಟಕ್ಕೆ ನಂಟು, ಎಂದೆ.
ಅರ್ಥವಾದವಳಂತೆ ತಲೆಯಾಡಿಸಿದಳು.
ವಿನೀತ ಭಂತೆ ಏನೂ ಅನ್ನದೆ
ಚೀವರದ ತುದಿಯಿಂದ
ಎಂಟನೆಯ ಚೌಕದ ಧೂಳು ಒರೆಸಿದರು.

ಇದನ್ನು ಕಿತ್ತುಬಿಡೋಣ, ಎಂದೆ ನಾನು.
ಆಗಲಿಲ್ಲ. ಹೀಟರಿನ ತಂತಿ, ಅಂಕಿಗಳ ತಂತಿ
ಯಾವನೋ ಪುಣ್ಯಾತ್ಮ ಒಂದೇ ಗಂಟಿಗೆ ಬಿಗಿದಿದ್ದ.
ಬಿಚ್ಚಿದರೆ ಎರಡೂ ಹೋಗುತ್ತವೆ.
ಹಾಗಾದರೆ ಇರಲಿ, ಎಂದರು ಭಂತೆ,
ಮಂಡಿನೋವಿನವರಿದ್ದಾರೆ, ಚಳಿ ಬೇಡ.

ಪೀಠದ ಹಿಂದೆ ಟಾರ್ಚು ಕಚ್ಚಿಕೊಂಡು ಬಗ್ಗಿದಾಗ
ನಮ್ಮ ಭೀಮೆಯ ದಂಡೆ ಬಂತು, ಸನ್ನತಿ.
ಗುಡಿ ಕುಸಿದು, ಕಾಳಿಯ ಕಾಲಡಿಯ ಕಲ್ಲು ಎತ್ತಿದರೆ
ತುಂಬ ಅಶೋಕನ ಮಾತು.
ನಟ್ಟನಡುವೆ ತೂತು,
ದೇವಿಯನ್ನು ನಿಲ್ಲಿಸಲು ಎಂದೋ ಯಾರೋ ಕೊರೆದದ್ದು.
ತೂತಿಗೆ ಹೋದ ಅಕ್ಷರ ಹೋಯಿತು.
ಸೋದರಮಾವ ಸಾಬಣ್ಣ ಅಲ್ಲಿ ದಿನಗೂಲಿಗೆ ಮಣ್ಣು ಹೊತ್ತವನು.
ಓದ್ಲಿಕ್ಕ ಬರಲಾರ್ದವ್ರು ಕೊರದ್ರು,
ಓದ್ಲಿಕ್ಕ ಬರಲಾರ್ದವ್ರೇ ಹೊತ್ತೀವಿ, ಅನ್ನುತ್ತಿದ್ದ,
ಕಲ್ಲು ಇಬ್ಬರ್ನೂ ಬೈಲಿಲ್ಲ ನೋಡು ತಮ್ಮಾ.
ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ, ನಾಳೆಗೆ.

ಫ್ಯೂಸು ಎರಡು, ತಂತಿ ಆರು ಗಜ.
ಬಿಲ್ಲಿಗೆ ಬದಲು ಹಾಲನ್ನದ ಡಬ್ಬಿ ಸಾಕೆಂದೆ.
ಮನೆಯಲ್ಲಿ ಬೈಸಿಕೊಂಡೆ.

ವೈಶಾಖದ ಹುಣ್ಣಿಮೆಗೆ ಕರೆದರು, ಹೋದೆ.
ಚಂದ್ರನ ಸುಳಿವಿಲ್ಲ, ಮೇ ತಿಂಗಳಲ್ಲೂ ಕೋಟು.
ಸಿಂಹಳದ ಆರು ಮನೆಯವರು, ಬಿಳಿ ಬಟ್ಟೆ,
ಥಾಯ್ ಊಟದಂಗಡಿಯ ಅಕ್ಕತಂಗಿಯರು,
ತೂಕಡಿಸುವ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್.
ಸ್ವೆಟರಿನ ಮೇಲೆ ಬಿಳಿ ಶಾಲು ಹೊದ್ದ ಎಡ್ನಾ.
ಪಾಲಿ ಶುರುವಾಯಿತು, ನಿಧಾನ, ಒಂದೇ ಎತ್ತರದಲ್ಲಿ.

ಮಗುವೊಂದು ನಡುಗಿತೆಂದು ಯಾರೋ ಹೀಟರಿನ ಗುಂಡಿ ಒತ್ತಿದರು.
ಹಳದಿ ಪರದೆಯ ಹಿಂದೆ
ಅಂಕಿಗಳು ಹತ್ತಿಕೊಂಡವು,
ಬುದ್ಧನ ಭುಜದಾಚೆ ನಲವತ್ತು, ನಲವತ್ತೊಂದು,
ಚಕ್ಕೆ ಎದ್ದ ಕಿವಿಗೆ ಹದಿನೇಳು.
ಯಾರೂ ಕಣ್ಣು ತೆರೆಯಲಿಲ್ಲ.
ಪಕ್ಕದಲ್ಲಿ ಎಡ್ನಾಳ ತುಟಿ ಅಲುಗುತ್ತಿತ್ತು.
ಗಾಥೆಯೋ, ಅಂಕಿಯೋ, ಅಪ್ಪನ ಹಾಡೋ,
ನನಗೆ ಕೇಳಿಸಲಿಲ್ಲ.

ಎಂಟು ಹತ್ತಿಲ್ಲ.
ಬಲ್ಬು ತರಬೇಕು.